ಬಲಬದಿಯ ಪಟ್ಟಿ

ಒಂಬತ್ತು ತಿಂಗಳಿಗೊಮ್ಮೆ ಬರುವ ಪೆಟ್ಟಿಗೆಯಲ್ಲಿ
ಸೋಪು, ಚಾಕಲೇಟು, ಹಾಸಿಗೆಯಷ್ಟಗಲದ ಟವೆಲು.
ಈ ಸಲ ತಳದಲ್ಲಿ ಒಂದು ಮೆನು ಕಾರ್ಡು.
ದಪ್ಪ ಕಾಗದ, ಅಂಚಿಗೆ ಚಿನ್ನದ ಗೆರೆ,
ಮೂಲೆಯಲ್ಲಿ ಎಣ್ಣೆಯ ಕಲೆ.
"ಕದ್ದದ್ದಲ್ಲ ಮಾರಾಯ್ತಿ," ಎಂದರು ಇವರು,
"ದಿನಕ್ಕೊಂದು ಅಚ್ಚು ಹಾಕುತ್ತಾರೆ, ಮರುದಿನ ಕಸ."

ಹೊಸಬೆಟ್ಟಿನ ನಮ್ಮ ಜಗಲಿಯಲ್ಲಿ ಕೂತು
ಪ್ರಜ್ಞಾ ಅದನ್ನು ಪಾಠದ ಹಾಗೆ ಗಟ್ಟಿಯಾಗಿ ಓದಿದಳು.
ಎಡಬದಿಗೆ ಆ ರಾತ್ರಿಯ ಗಮ್ಮತ್ತು,
ಅಲ್ಲಿ ಅವಳ ನಾಲಿಗೆ ಎರಡು ಸಲ ಜಾರಿತು.
ಬಲಬದಿಗೆ ಸಣ್ಣ ಅಕ್ಷರ, ಎಲ್ಲ ರಾತ್ರಿಯೂ ಇರುವಂಥದ್ದು:
ಟೊಮೆಟೊ ಸೂಪು, ಹುರಿದ ಕೋಳಿ,
ಚೀಸು ಹಾಕಿದ ಮ್ಯಾಕರೋನಿ, ಹಿಸುಕಿದ ಬಟಾಟೆ.
"ಇಷ್ಟು ದುಡ್ಡು ಕೊಟ್ಟು ಹಡಗು ಹತ್ತಿ
ಬಟಾಟೆ ತಿನ್ನುತ್ತಾರಾ?"

ಚಳಿಗಾಲಕ್ಕೆ ಪಣಂಬೂರಿಗೂ ಬರುತ್ತದೆ ಅಂಥ ಬಿಳಿ ಹಡಗು.
ಬಸ್ಸಿನಲ್ಲಿ ಕದ್ರಿಗೆ, ಗೇರುಬೀಜದ ಫ್ಯಾಕ್ಟರಿಗೆ ಹೋಗಿ
ಸಂಜೆಗೆ ವಾಪಸು ಹತ್ತುವವರು,
ನಾನೂ ನೋಡಿದ್ದೇನೆ, ಟೋಪಿಯವರು, ಬೆವರಿದವರು.
ಬಟಾಟೆಯ ಮುಖ ಅವರದ್ದಲ್ಲ.

ಮೊದಲೆರಡು ರಾತ್ರಿ ತಿನ್ನುವುದಿಲ್ಲ, ಎಂದರು.
ಮೊದಲೆರಡು ರಾತ್ರಿ ಎಲ್ಲರಿಗೂ ದೊಡ್ಡ ಸಿಗಡಿಯೇ ಬೇಕು,
ಫೋಟೋ ಆಗುವವರೆಗೆ ಯಾರೂ ಮುಟ್ಟುವುದಿಲ್ಲ.
ಮೂರನೇ ದಿನ ಕಡಲು ಸ್ವಲ್ಪ ಮಗ್ಗುಲು ಬದಲಿಸಿತೋ,
ಒಬ್ಬೊಬ್ಬರ ಬೆರಳೂ ಮೆಲ್ಲ ಬಲಕ್ಕೆ ಸರಿಯುತ್ತದೆ.
ನನ್ನ ಒಲೆ ಅಲ್ಲಿ.

ಮತ್ತೆ ಹೇಳಿದರು, ಉಗುರು ಕತ್ತರಿಸುತ್ತಾ:
ನುಣ್ಣಗೆ ಅರೆದು ಕಳಿಸಿದ ಬಟಾಟೆಯನ್ನು
ಹನ್ನೊಂದನೇ ಮೇಜಿನ ಮುದುಕಿ ಎರಡು ಸಲ ವಾಪಸು ಕಳಿಸಿದಳಂತೆ.
ಉಪ್ಪು ಕಡಿಮೆಯೋ? ಅಲ್ಲ. ತಣಿದಿತ್ತೋ? ಅದೂ ಅಲ್ಲ.
ಗಂಟಿಲ್ಲ, ಅಂದಳಂತೆ. ಅವಳಮ್ಮ ಮಾಡಿದ್ದರಲ್ಲಿ ಇರುತ್ತಿತ್ತು.
ಇವರು ಸೌಟಿನ ಬೆನ್ನಿನಿಂದ ಅರ್ಧಂಬರ್ಧ ಜಜ್ಜಿ
ನಾಲ್ಕು ಗಂಟು ಎಣಿಸಿ ಬಿಟ್ಟು ಕಳಿಸಿದರು.
ತಟ್ಟೆ ತೊಳೆಯುವ ಹುಡುಗ ಬಂದು ಹೇಳಿದ:
ಇದು ಆಗಲೇ ತೊಳೆದ ಹಾಗುಂಟು.
"ಯಾವ ಊರವಳೋ, ಅವಳಮ್ಮನ ಅವಸರ
ನನ್ನ ಕೈಗೆ ಬಂತು ನೋಡು."

ನನ್ನ ಲೆಕ್ಕ ಬೇರೆಯಿತ್ತು.
ಬೆಳಿಗ್ಗೆಯೇ ಕುಚ್ಚಲಕ್ಕಿ ಇಟ್ಟು ಗಂಜಿ,
ತಿಮರೆ ಚಟ್ನಿ, ಕೆಂಡದಲ್ಲಿ ಸುಟ್ಟ ನುಂಗೆಲು,
ಭರಣಿಯಿಂದ ಉಪ್ಪಿನಲ್ಲಿ ಸುಕ್ಕಿದ ಮಾವಿನಕಾಯಿ.
ಇದಕ್ಕೇ ಬಾಯಿ ಕಟ್ಟಿ ಕೂತಿದ್ದಾರೆ ಅಲ್ಲಿ, ಅಂತ
ಇಂದಿರಕ್ಕನ ಹತ್ತಿರವೂ ಹೇಳಿಬಿಟ್ಟಿದ್ದೆ.
ಉಂಡರು. ಲಾಯ್ಕುಂಟು ಅಂದರು. ಇನ್ನೊಂದು ಸೌಟು ಹಾಕಿಸಿಕೊಂಡರು,
ಬೀಗರ ಮನೆಯಲ್ಲಿ ಉಣ್ಣುವ ಹಾಗೆ.

ರಾತ್ರಿ ಒಂದು ಗಂಟೆಗೆ ಅಡುಗೆಕೋಣೆಯಲ್ಲಿ ಸದ್ದು.
ಬೆಕ್ಕೆಂದು ಹೋದರೆ ಇವರು,
ಬನಿಯನ್ನಿನಲ್ಲಿ, ನಿಂತುಕೊಂಡೇ,
ಬೆಂದ ಬಟಾಟೆಗೆ ಪ್ಯಾಕೆಟು ಬೆಣ್ಣೆ ಸುರಿದು
ಗಂಜಿಯ ಸೌಟಿನಲ್ಲಿ ಜಜ್ಜುತ್ತಿದ್ದರು.
"ಪಾಳಿ ಮುಗಿಯುವುದು ಈ ಹೊತ್ತಿಗೆ," ಎಂದರು, ನನ್ನ ಕಡೆ ನೋಡದೆ.
"ತಳದಲ್ಲಿ ಉಳಿದದ್ದು ನಮಗೆ.
ಗೋವದವರಿಬ್ಬರು, ಫಿಲಿಪೀನಿನ ಒಬ್ಬ, ನಾನು,
ಒಂದೇ ಚಮಚ.
ಹದಿನಾಲ್ಕು ವರ್ಷ ಆಯಿತಲ್ಲ."

ಸಿಟ್ಟು ಬರಬೇಕಿತ್ತು. ಸ್ವಲ್ಪ ಬಂತು ಕೂಡ.
ಹದಿನಾಲ್ಕು ವರ್ಷ ಆ ಭರಣಿಗೆ ಉಪ್ಪು ಹಾಕಿದವಳು ನಾನು.

ಆದರೂ ಕೈ ಚಾಚಿದೆ. ಸೌಟನ್ನೇ ಕೊಟ್ಟರು.
ಹಲ್ಲಿಗೆ ಕೆಲಸವಿಲ್ಲದ ಬಿಸಿ,
ನಡುವೆ ನಾಲಿಗೆಗೆ ತಾಗಿದ ಒಂದು ಗಂಟು.
"ಖಾರವೇ ಇಲ್ಲವಲ್ಲ ಇದಕ್ಕೆ,"
ಅಂದು ಭರಣಿ ತೆಗೆದು
ಮಾವಿನ ಒಂದು ಹೋಳು ಕಿವುಚಿ ಹಾಕಿದೆ.
ಬೇಡ ಅನ್ನಲಿಲ್ಲ. ಸರಿ ಅಂತಲೂ ಅನ್ನಲಿಲ್ಲ.

ಬೆಳಿಗ್ಗೆ ಪ್ರಜ್ಞಾ ಬುಟ್ಟಿ ತಡಕಾಡಿ ಕೇಳಿದಳು,
ಪಲ್ಯಕ್ಕಿಟ್ಟ ಬಟಾಟೆ ಎಲ್ಲಿ?
ಇಬ್ಬರೂ ಒಟ್ಟಿಗೇ
ಬೆಕ್ಕಿನ ಹೆಸರು ಹೇಳಿದೆವು.